ಅಗುಳಿ ತೆರೆದ ಬಗೆ

1967ರ ಮೇ 25. ಲಿಸ್ಬನ್‌ನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಯುರೋಪಿಯನ್ ಕಪ್ ಫೈನಲ್. ಆಟ ಶುರುವಾಗಿ ಏಳನೇ ನಿಮಿಷಕ್ಕೇ ಇಂಟರ್ ಮಿಲಾನ್‌ಗೆ ಪೆನಾಲ್ಟಿ ಸಿಕ್ಕಿತು. ಸ್ಯಾಂಡ್ರೊ ಮಝೋಲಾ ಅದನ್ನು ಗೋಲಾಗಿಸಿದರು. ಆ ದಿನಗಳಲ್ಲಿ ಇಂಟರ್ ಒಂದು ಗೋಲು ಮುಂದೆ ಹೋಯಿತೆಂದರೆ ಪಂದ್ಯ ಮುಗಿದಂತೆಯೇ ಲೆಕ್ಕ. ಆ ತಂಡ ಆಮೇಲೆ ಬಾಗಿಲು ಮುಚ್ಚಿ ಒಳಗಿನಿಂದ ಭದ್ರ ಮಾಡಿಕೊಳ್ಳುತ್ತಿತ್ತು. ಆ ಆಟದ ರೀತಿಗೆ ಇಟಲಿಯವರು ಇಟ್ಟ ಹೆಸರೂ ಅದೇ: ‘ಕತೆನಾಚ್ಚೊ’, ಅಂದರೆ ಬಾಗಿಲ ಅಗುಳಿ.

ಈ ಅಗುಳಿ ಕೆಲಸ ಮಾಡುತ್ತಿದ್ದುದು ಹೀಗೆ. ಎದುರಾಳಿಯ ಒಬ್ಬೊಬ್ಬ ಫಾರ್ವರ್ಡ್‌ಗೂ ಒಬ್ಬೊಬ್ಬ ಕಾವಲಿನವ. ಅವನು ಹೋದಲ್ಲೆಲ್ಲ ಇವನೂ ಹೋಗಬೇಕು. ಅವರೆಲ್ಲರ ಬೆನ್ನ ಹಿಂದೆ, ಯಾರನ್ನೂ ಹಿಂಬಾಲಿಸುವ ಹೊಣೆಯಿಲ್ಲದ ಇನ್ನೊಬ್ಬ. ನುಸುಳಿ ಬಂದ ಚೆಂಡನ್ನೆಲ್ಲ ಗುಡಿಸಿ ಹೊರಗೆ ಹಾಕುವುದು ಅವನ ಕೆಲಸ. ಇಂಟರ್‌ನಲ್ಲಿ ಆ ಜಾಗ ನಾಯಕ ಅರ್ಮಾಂಡೊ ಪಿಕ್ಕಿ ಅವರದು. ಚೆಂಡು ಕೈವಶವಾದ ಮರುಗಳಿಗೆಯೇ ಮಿಂಚಿನಂಥ ಪ್ರತಿದಾಳಿ. ಕೋಚ್ ಹೆಲೆನಿಯೊ ಹೆರೆರಾ ಈ ವಿದ್ಯೆಯಿಂದಲೇ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದರು.

ಲಿಸ್ಬನ್‌ನಲ್ಲಿ ಆ ಅಗುಳಿಯ ಎದುರು ನಿಂತಿದ್ದು ಗ್ಲ್ಯಾಸ್ಗೊದ ಸೆಲ್ಟಿಕ್. ಆ ತಂಡದ ಹನ್ನೊಂದೂ ಆಟಗಾರರು ತಮ್ಮ ಕ್ಲಬ್ಬಿನ ಮೈದಾನದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿ ಬೆಳೆದವರು. ಅವರ ಮ್ಯಾನೇಜರ್ ಜಾಕ್ ಸ್ಟೀನ್ ಒಂದು ಕಾಲದಲ್ಲಿ ಕಲ್ಲಿದ್ದಲು ಗಣಿಯ ಕೂಲಿ. ಅಗುಳಿ ತೆರೆಯುವ ದಾರಿ ಅವರಿಗೆ ಅಂದು ಥಟ್ಟನೆ ಹೊಳೆದದ್ದಲ್ಲ. ಹದಿಮೂರು ವರ್ಷಗಳ ಕಾಲ ಊರೂರು ಸುತ್ತಿ ನೋಡಿ, ಎರಡು ಸಲ ಕೈಸುಟ್ಟುಕೊಂಡು ಅವರು ಕಂಡುಕೊಂಡ ದಾರಿ ಅದು.

ಸ್ಟೀನ್ ಹುಟ್ಟಿದ್ದು 1922ರಲ್ಲಿ, ಲ್ಯಾನಾರ್ಕ್‌ಶೈರ್‌ನ ಬರ್ನ್‌ಬ್ಯಾಂಕ್ ಎಂಬ ಗಣಿ ಊರಿನಲ್ಲಿ. ಮೀಸೆ ಮೂಡುವ ಮೊದಲೇ ಗಣಿಗೆ ಇಳಿದರು. 1942ರಲ್ಲಿ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ಕ್ಲಬ್ ಸೇರಿದ ಮೇಲೂ ವಾರವೆಲ್ಲ ಗಣಿ, ಶನಿವಾರ ಆಟ. 1950ರಲ್ಲಿ ವೇಲ್ಸ್‌ನ ಲನೆಲಿ ಕ್ಲಬ್ಬಿಗೆ ಹೋದಾಗಲೇ ಅವರು ಪೂರ್ಣಾವಧಿ ಆಟಗಾರರಾದದ್ದು. ಆದರೆ ಹೆಂಡತಿ, ಮಗಳನ್ನು ಬಿಟ್ಟು ಅಲ್ಲಿ ಮನಸ್ಸು ನಿಲ್ಲಲಿಲ್ಲ. ಊರಿಗೆ ಮರಳಿ ಮತ್ತೆ ಗಣಿಗೇ ಇಳಿಯೋಣವೆಂದು ಯೋಚಿಸುತ್ತಿದ್ದಾಗ, 1951ರ ಕೊನೆಯಲ್ಲಿ, ಸೆಲ್ಟಿಕ್ 1,200 ಪೌಂಡ್ ಕೊಟ್ಟು ಅವರನ್ನು ಕರೆಸಿಕೊಂಡಿತು. ಅದೂ ಮೀಸಲು ತಂಡಕ್ಕೆ, ಎಳೆಯರ ಜೊತೆ ಒಬ್ಬ ಅನುಭವಿ ಇರಲೆಂದು. ಮೊದಲ ತಂಡದ ಡಿಫೆಂಡರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡರು, ಸ್ಟೀನ್ ಒಳಗೆ ಬಂದರು, ಮತ್ತೆ ಹೊರಗೆ ಹೋಗಲಿಲ್ಲ. ನಾಯಕರಾಗಿ 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದುಕೊಟ್ಟರು. 1914ರ ನಂತರ ಸೆಲ್ಟಿಕ್‌ಗೆ ಆ ಜೋಡಿ ಗೆಲುವು ದಕ್ಕಿದ್ದು ಅದೇ ಮೊದಲು.

ಆ ಗೆಲುವಿಗೆ ಬಹುಮಾನವಾಗಿ ಕ್ಲಬ್ ತನ್ನ ಆಟಗಾರರನ್ನು ಸ್ವಿಟ್ಜರ್‌ಲ್ಯಾಂಡ್‌ನ ವಿಶ್ವಕಪ್ ನೋಡಲು ಕಳುಹಿಸಿತು. ಅಲ್ಲಿ ಸ್ಟೀನ್ ಎರಡು ಸಂಗತಿಗಳನ್ನು ಕಂಡರು. ಒಂದು, ಹಂಗೆರಿಯ ಆಟ. ಅವರ ಸೆಂಟರ್ ಫಾರ್ವರ್ಡ್ ತನ್ನ ಜಾಗ ಬಿಟ್ಟು ಹಿಂದೆ ಸರಿಯುತ್ತಿದ್ದ, ಅವನನ್ನು ಕಾಯಬೇಕಾದವನು ಎತ್ತ ಹೋಗಲೆಂದು ತಿಳಿಯದೆ ನಿಲ್ಲುತ್ತಿದ್ದ. ಇನ್ನೊಂದು, ಸಿದ್ಧತೆಯಿಲ್ಲದೆ ಬಂದ ತಮ್ಮದೇ ಸ್ಕಾಟ್ಲೆಂಡ್ ಉರುಗ್ವೆಯ ಕೈಲಿ 7–0ಯಿಂದ ಸೋತದ್ದು. ಆಟವನ್ನು ಮೈದಾನಕ್ಕೆ ಇಳಿಯುವ ಮೊದಲೇ ತಲೆಯಲ್ಲಿ ಆಡಿರಬೇಕು ಎಂಬ ಪಾಠ ಅವರೊಳಗೆ ಬೇರೂರಿತು.

ಮರುವರ್ಷ ಕಣಕಾಲಿಗೆ ಪೆಟ್ಟಾಯಿತು. ಅದು ಸರಿಹೋಗಲೇ ಇಲ್ಲ. ಬದುಕಿನುದ್ದಕ್ಕೂ ಅವರು ಕೊಂಚ ಕುಂಟುತ್ತಲೇ ನಡೆದರು. 1957ರಲ್ಲಿ ಆಟ ಬಿಟ್ಟಾಗ ಕ್ಲಬ್ ಮೀಸಲು ತಂಡದ ಹುಡುಗರನ್ನು ಅವರ ಕೈಗೆ ಒಪ್ಪಿಸಿತು. ಅಂದಿನ ಸ್ಕಾಟ್ಲೆಂಡ್‌ನಲ್ಲಿ ತರಬೇತಿ ಎಂದರೆ ಬಹುಮಟ್ಟಿಗೆ ಮೈದಾನದ ಸುತ್ತ ಓಡುವುದು, ಚೆಂಡು ಮುಟ್ಟುವುದು ಶನಿವಾರಕ್ಕೆ. ಸ್ಟೀನ್ ತಾವೇ ಟ್ರ್ಯಾಕ್‌ಸೂಟ್ ತೊಟ್ಟು ಹುಡುಗರ ನಡುವೆ ನಿಂತು ಚೆಂಡಿನಿಂದಲೇ ಕಲಿಸಿದರು. ಮುಂದೆ ಲಿಸ್ಬನ್‌ನಲ್ಲಿ ಕಪ್ ಎತ್ತಿ ಹಿಡಿದ ನಾಯಕ ಬಿಲ್ಲಿ ಮೆಕ್‌ನೀಲ್ ಆ ಹುಡುಗರಲ್ಲಿ ಒಬ್ಬರು.

ಆದರೆ ಸ್ಟೀನ್ ಪ್ರೊಟೆಸ್ಟೆಂಟ್ ಮನೆಯವರು. ಐರಿಷ್ ಕ್ಯಾಥೊಲಿಕರು ಕಟ್ಟಿದ ಸೆಲ್ಟಿಕ್‌ನಲ್ಲಿ ಆವರೆಗೆ ಅಂಥವರೊಬ್ಬರು ಮ್ಯಾನೇಜರ್ ಆದದ್ದಿಲ್ಲ. 1960ರಲ್ಲಿ ಅವರು ಕೆಳಗಿನ ಸ್ಥಾನಗಳಲ್ಲಿ ಒದ್ದಾಡುತ್ತಿದ್ದ ಡನ್‌ಫರ್ಮ್‌ಲೈನ್‌ಗೆ ಮ್ಯಾನೇಜರ್ ಆಗಿ ಹೋದರು. ಅಲ್ಲಿ ಮೊದಲ ಆರು ಪಂದ್ಯಗಳನ್ನೂ ಗೆದ್ದು ತಂಡವನ್ನು ಉಳಿಸಿದರು. ಮರುವರ್ಷ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ಕನ್ನೇ ಸೋಲಿಸಿದರು.

1963ರಲ್ಲಿ ಒಂದು ಪತ್ರಿಕೆಯ ಏರ್ಪಾಟಿನಲ್ಲಿ ಸ್ಟೀನ್ ಮತ್ತು ಕಿಲ್ಮಾರ್ನಕ್‌ನ ಮ್ಯಾನೇಜರ್ ವಿಲ್ಲಿ ವಾಡೆಲ್ ಮಿಲಾನಿಗೆ ಹೋದರು. ಹೆರೆರಾ ತಮ್ಮ ತಂಡವನ್ನು ಹೇಗೆ ತಯಾರು ಮಾಡುತ್ತಾರೆಂದು ಹತ್ತಿರದಿಂದ ನೋಡುವುದೇ ಉದ್ದೇಶ. ಅಗುಳಿ ತಯಾರಾಗುವುದನ್ನು ಅದರ ಕಮ್ಮಾರಸಾಲೆಯಲ್ಲೇ ನಿಂತು ನೋಡಿದಂತಾಯಿತು. ಇಂಟರ್‌ನ ಎಡಬದಿಯ ಬ್ಯಾಕ್ ಜಿಯಾಚಿಂತೊ ಫಾಕೆಟ್ಟಿ ಕಾವಲು ಬಿಟ್ಟು ಮುನ್ನುಗ್ಗಿ ಗೋಲು ಹೊಡೆಯುತ್ತಿದ್ದರು. ಅಗುಳಿ ಹಾಕಿದ ಮನೆಯಿಂದಲೂ ಹೊರಬರುವ ಬಾಗಿಲು ಒಂದಿತ್ತು. ಮುಂದೆ ಸ್ಟೀನ್ ತಮ್ಮ ಬ್ಯಾಕ್‌ಗಳಿಂದ ಮಾಡಿಸಿದ್ದನ್ನು ನೋಡಿದರೆ, ಆ ಬಾಗಿಲು ಅವರ ಕಣ್ಣಿಗೆ ಬಿದ್ದಿತ್ತು ಎಂದೇ ನನಗನ್ನಿಸುತ್ತದೆ.

1965ರ ಮಾರ್ಚ್‌ನಲ್ಲಿ ಸೆಲ್ಟಿಕ್ ಕೊನೆಗೂ ಅವರನ್ನು ಮ್ಯಾನೇಜರ್ ಆಗಿ ಕರೆಯಿತು. ಅಲ್ಲಿಯವರೆಗೆ ತಂಡದ ಆಯ್ಕೆಯಲ್ಲಿ ಅಧ್ಯಕ್ಷರ ಮಾತೇ ನಡೆಯುತ್ತಿತ್ತು. ಆಯ್ಕೆ ಪೂರ್ತಿ ತನ್ನದೇ ಆಗಬೇಕೆಂದು ಸ್ಟೀನ್ ಪಟ್ಟುಹಿಡಿದು ಪಡೆದರು. ಅದೇ ವರ್ಷ ತಾತ್ಕಾಲಿಕವಾಗಿ ಸ್ಕಾಟ್ಲೆಂಡ್ ತಂಡದ ಹೊಣೆಯನ್ನೂ ಹೊತ್ತರು. ವಿಶ್ವಕಪ್ ಅರ್ಹತೆಗೆ ಎದುರಾದದ್ದು ಇಟಲಿ. ಗ್ಲ್ಯಾಸ್ಗೊದಲ್ಲಿ ಕೊನೆಯ ಗಳಿಗೆಯವರೆಗೂ ಮೇಲೆ ಬಿದ್ದು ಆಡಿ 1–0ಯಿಂದ ಗೆದ್ದರು. ಡಿಸೆಂಬರ್‌ನಲ್ಲಿ ನೇಪಲ್ಸ್‌ಗೆ ಹೋಗುವಾಗ ಪ್ರಮುಖ ಆಟಗಾರರೇ ಇರಲಿಲ್ಲ. ಡಿಫೆಂಡರ್ ರಾನ್ ಯೀಟ್ಸ್‌ಗೆ 9ನೇ ನಂಬರಿನ ಅಂಗಿ ತೊಡಿಸಿ, ಕೋಟೆ ಕಟ್ಟಿ ಕೂತರು. 3–0ಯಿಂದ ಸೋತು ಬಂದರು. ಇದು ಮೊದಲ ಸಲ ಕೈಸುಟ್ಟದ್ದು.

ಎರಡನೆಯದು ಲಿಸ್ಬನ್‌ಗೆ ಒಂದೇ ತಿಂಗಳ ಮುಂಚೆ. ಸೆಮಿಫೈನಲ್‌ನಲ್ಲಿ ಪ್ರಾಗ್‌ನ ಡುಕ್ಲಾ ತಂಡವನ್ನು ತವರಿನಲ್ಲಿ 3–1ರಿಂದ ಸೋಲಿಸಿದ್ದ ಸೆಲ್ಟಿಕ್, ಮರುಪಂದ್ಯದಲ್ಲಿ ಸ್ಟೀವಿ ಚಾಮರ್ಸ್ ಒಬ್ಬರನ್ನು ಮುಂದೆ ಬಿಟ್ಟು ಉಳಿದವರೆಲ್ಲ ಹಿಂದೆ ನಿಂತು 0–0 ಮಾಡಿಕೊಂಡು ಬಂತು. ಫೈನಲ್ ತಲುಪಿದರೂ ಸ್ಟೀನ್‌ಗೆ ಆ ಆಟ ಹಿಡಿಸಲಿಲ್ಲ. ಇನ್ನೆಂದೂ ಹಾಗೆ ಆಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರು. ಬೇರೆಯವರ ಅಗುಳಿ ತನ್ನ ಮನೆಗೆ ಒಗ್ಗುವುದಿಲ್ಲ ಎಂಬುದನ್ನು ಅವರಿಗೆ ಕಲಿಸಿದ್ದು ಈ ಎರಡು ಪಂದ್ಯಗಳು.

ಅಷ್ಟರಲ್ಲಿ ಅವರ ಪ್ರಯೋಗಶಾಲೆ ಸಜ್ಜಾಗಿತ್ತು. 1966ರ ಬೇಸಿಗೆಯಲ್ಲಿ ತಂಡವನ್ನು ಐದು ವಾರ ಉತ್ತರ ಅಮೆರಿಕ ಪ್ರವಾಸಕ್ಕೆ ಕರೆದೊಯ್ದಿದ್ದರು. ಎಡ ವಿಂಗ್‌ನಲ್ಲಿ ಆಡುತ್ತಿದ್ದ ಬರ್ಟಿ ಆಲ್ಡ್ ಅವರನ್ನು ಮೈದಾನದ ನಡುವಿಗೆ ತಂದು ಬಾಬಿ ಮರ್ಡಾಕ್ ಪಕ್ಕ ನಿಲ್ಲಿಸಿದ್ದು ಆಗಲೇ. ತಂಡದ ಚೆಂಡೆಲ್ಲ ಆ ಇಬ್ಬರ ಕಾಲಿನ ಮೂಲಕವೇ ಹಾಯತೊಡಗಿತು.

ಈಗ ಲಿಸ್ಬನ್‌ಗೆ ಮರಳೋಣ. ಇಂಟರ್‌ನ ಬಲವೇ ಅದರ ದೌರ್ಬಲ್ಯವೆಂದು ಸ್ಟೀನ್ ಕಂಡುಕೊಂಡಿದ್ದರು. ಕಾವಲಿನವನು ತನ್ನ ಆಸಾಮಿ ಹೋದಲ್ಲೆಲ್ಲ ಹೋಗುತ್ತಾನಾದರೆ, ಆಸಾಮಿಯನ್ನು ಬೇಕೆಂದೇ ಅತ್ತಿತ್ತ ಅಲೆಸಿದರಾಯಿತು. ಮನೆ ಕಾಯುವವನನ್ನು ಮಾತಿಗೆಳೆದು ಜಗಲಿಯ ಆಚೆಗೆ ಕರೆದರೆ ಹಿತ್ತಿಲು ತಾನಾಗಿ ತೆರೆದುಕೊಳ್ಳುತ್ತದೆ. ಬಲ ವಿಂಗ್‌ನ ಜಿಮ್ಮಿ ಜಾನ್‌ಸ್ಟೋನ್ ತಮ್ಮ ಅಂಚು ಬಿಟ್ಟು ನಡುವಿಗೆ ಬಂದರು, ಕಾವಲಿನವನೂ ಹಿಂದೆಯೇ ಬಂದ. ಮುಂದಿನವರು ಪಕ್ಕಕ್ಕೆ ಸರಿದರು, ಅವರ ಕಾವಲಿನವರೂ ಸರಿದರು. ಬರಿದಾದ ಅಂಚುಗಳಿಗೆ ಹಿಂದಿನಿಂದ ಓಡಿ ಬಂದವರು ಸೆಲ್ಟಿಕ್‌ನ ಇಬ್ಬರು ಬ್ಯಾಕ್‌ಗಳು, ಜಿಮ್ ಕ್ರೇಗ್ ಮತ್ತು ಟಾಮಿ ಗೆಮ್ಮೆಲ್. ಅವರನ್ನು ಕಾಯಲು ಇಂಟರ್ ಯಾರನ್ನೂ ನೇಮಿಸಿರಲಿಲ್ಲ.

ಸೆಲ್ಟಿಕ್ ಹೊಡೆದ ಚೆಂಡು ಎರಡು ಸಲ ಗೋಲಿನ ಮೇಲಿನ ಪಟ್ಟಿಗೆ ಬಡಿದು ಮರಳಿತು. ಗೋಲ್‌ಕೀಪರ್ ಜೂಲಿಯಾನೊ ಸಾರ್ತಿ ಮತ್ತೆ ಮತ್ತೆ ತಡೆದರು. 63ನೇ ನಿಮಿಷ. ಆ ಕಪ್ಪು-ಬಿಳುಪು ದೃಶ್ಯವನ್ನು ನೋಡುವಾಗಲೆಲ್ಲ ನಾನು ಇಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುತ್ತೇನೆ. ಬಲ ಬ್ಯಾಕ್ ಕ್ರೇಗ್ ಚೆಂಡಿನೊಂದಿಗೆ ಪೆನಾಲ್ಟಿ ಆವರಣದ ಬಳಿ ಬರುತ್ತಾರೆ. ಅವಸರವಿಲ್ಲ. ಒಂದು ಕ್ಷಣ ತಡೆದು ಚೆಂಡನ್ನು ಅಡ್ಡಕ್ಕೆ, ತುಸು ಹಿಂದಕ್ಕೆ ತಳ್ಳುತ್ತಾರೆ. ಅದನ್ನು ಹೊಡೆಯಲು ಓಡಿ ಬರುವವರು ಎಡ ಬ್ಯಾಕ್ ಗೆಮ್ಮೆಲ್. ಬಲಗಾಲಿನ ಆ ಹೊಡೆತ ಸಾರ್ತಿಯನ್ನು ದಾಟಿ ಬಲೆ ಸೇರುತ್ತದೆ. ಬಲ ಬ್ಯಾಕ್ ಕೊಟ್ಟ ಚೆಂಡನ್ನು ಎಡ ಬ್ಯಾಕ್ ಗೋಲಾಗಿಸಿದ್ದು. ಏಳನೇ ನಿಮಿಷದ ಪೆನಾಲ್ಟಿ ಯಾರ ತಪ್ಪಿಗೆ ಎಂದು ತೀರ್ಪಾಗಿತ್ತೋ, ಆ ಕ್ರೇಗ್ ಅವರೇ ಇದನ್ನು ಹೊಂದಿಸಿಕೊಟ್ಟದ್ದು.

84ನೇ ನಿಮಿಷಕ್ಕೆ ಮತ್ತೆ ಗೆಮ್ಮೆಲ್ ಎಡಗಡೆಯಿಂದ ಬಂದರು. ಅವರು ಕೊಟ್ಟ ಚೆಂಡನ್ನು ಮರ್ಡಾಕ್ ಹೊಡೆದರು, ಚಾಮರ್ಸ್ ಕಾಲು ತಾಗಿಸಿ ದಿಕ್ಕು ಬದಲಿಸಿದರು. 2–1. ಬ್ರಿಟನ್‌ನ ಕ್ಲಬ್ಬೊಂದು ಯುರೋಪಿಯನ್ ಕಪ್ ಗೆದ್ದದ್ದು ಅದೇ ಮೊದಲು. ಅಗುಳಿಯ ಆಟ ಅಂದೇ ಅಳಿಯಲಿಲ್ಲ. ಆದರೆ ಅದು ತೆಗೆಯಲಾಗದ ಅಗುಳಿ ಎಂಬ ನಂಬಿಕೆ ಅಂದು ಮುರಿಯಿತು.

1966ರಿಂದ 1974ರವರೆಗೆ ಸ್ಟೀನ್ ಸತತ ಒಂಬತ್ತು ಲೀಗ್‌ಗಳನ್ನು ಗೆದ್ದರು. 1975ರ ಕಾರು ಅಪಘಾತದಲ್ಲಿ ಸಾವಿನ ಅಂಚಿಗೆ ಹೋಗಿ ಬಂದರು. 1978ರಲ್ಲಿ ಲೀಡ್ಸ್‌ನಲ್ಲಿ 44 ದಿನ ಇದ್ದು, ಅಲ್ಲಿಂದ ಸ್ಕಾಟ್ಲೆಂಡ್ ತಂಡದ ಪೂರ್ಣಾವಧಿ ಮ್ಯಾನೇಜರ್ ಆಗಿ ಬಂದರು. 1982ರ ವಿಶ್ವಕಪ್‌ಗೆ ತಂಡವನ್ನು ಕೊಂಡೊಯ್ದರು. ಗೋಲು ವ್ಯತ್ಯಾಸದಲ್ಲಿ ಹಿಂದೆ ಬಿದ್ದು ಮೊದಲ ಸುತ್ತಿನಲ್ಲೇ ಮರಳಬೇಕಾಯಿತು.

1985ರ ಸೆಪ್ಟೆಂಬರ್ 10, ಕಾರ್ಡಿಫ್. ಮುಂದಿನ ವಿಶ್ವಕಪ್‌ನ ಆಸೆ ಉಳಿಯಲು ವೇಲ್ಸ್ ವಿರುದ್ಧ ಸಮಬಲವಾದರೂ ಬೇಕು. ಮಾರ್ಕ್ ಹ್ಯೂಸ್ ಗೋಲಿನಿಂದ ಸ್ಕಾಟ್ಲೆಂಡ್ ಹಿಂದೆ ಬಿದ್ದಿತ್ತು. ವಿರಾಮದಲ್ಲಿ ಇನ್ನೊಂದು ಆಘಾತ: ಗೋಲ್‌ಕೀಪರ್ ಜಿಮ್ ಲೇಟನ್ ಕಾಂಟ್ಯಾಕ್ಟ್ ಲೆನ್ಸ್ ಕಳೆದುಕೊಂಡಿದ್ದರು. ಅವರು ಲೆನ್ಸ್ ಹಾಕುವ ಸಂಗತಿಯೇ ಸ್ಟೀನ್‌ಗೆ ಗೊತ್ತಿರಲಿಲ್ಲ. ಗೋಲ್‌ಕೀಪರ್ ಬದಲಾದರು. ದ್ವಿತೀಯಾರ್ಧದಲ್ಲಿ ಸ್ಟೀನ್ ಮತ್ತೊಂದು ಬದಲಾವಣೆ ಮಾಡಿ, ಎಡ ವಿಂಗ್‌ಗೆ ಡೇವಿ ಕೂಪರ್ ಅವರನ್ನು ಇಳಿಸಿದರು. 81ನೇ ನಿಮಿಷಕ್ಕೆ ಸಿಕ್ಕ ಪೆನಾಲ್ಟಿಯನ್ನು ಕೂಪರ್ ಗೋಲಾಗಿಸಿದರು. ಆಟ ಮುಗಿಯುತ್ತಿದ್ದಂತೆ ಸ್ಟೀನ್ ಕುಸಿದರು. ಕ್ರೀಡಾಂಗಣದ ಚಿಕಿತ್ಸಾ ಕೋಣೆಯಲ್ಲೇ ಪ್ರಾಣ ಹೋಯಿತು. ಅವರಿಗೆ 62 ವರ್ಷ.

ಆ ಒಂದು ಗೋಲು ಉಳಿಸಿಕೊಟ್ಟ ದಾರಿಯಲ್ಲಿ, ಸಹಾಯಕರಾಗಿದ್ದ ಅಲೆಕ್ಸ್ ಫರ್ಗ್ಯುಸನ್ ತಂಡವನ್ನು ಮೆಕ್ಸಿಕೊ ವಿಶ್ವಕಪ್‌ಗೆ ಮುಟ್ಟಿಸಿದರು. ಬೆಂಚಿನ ಮೇಲೆ ಕೂತ ಕೊನೆಯ ಸಂಜೆಯಲ್ಲೂ ಸ್ಟೀನ್ ಕಣ್ಣು ಹುಡುಕಿದ್ದು ಎದುರಾಳಿ ಕಾಯದೆ ಬಿಟ್ಟ ಜಾಗವನ್ನು, ಅಲ್ಲಿಗೆ ಓಡಬಲ್ಲ ಒಬ್ಬ ಆಟಗಾರನನ್ನು.