ವಿಷ ಪತ್ತೆ ಮಾಡಿದವರೇ ಆ ಬೇಳೆಯ ಪರ ಬರೆದರು!

ಇವತ್ತು ಒಂದು ಬೇಳೆ ಕಥೆ ಹೇಳ್ತೀನಿ. ಅದರ ಹೆಸರು ಖೇಸರಿ ಬೇಳೆ. ನೋಡೋಕೆ ತೊಗರಿಬೇಳೆ ಥರಾನೇ ಇರುತ್ತೆ. ಅದಕ್ಕೇ ಕಲಬೆರಕೆ ಮಾಡೋರಿಗೆ ಸಲೀಸು.

ಮಳೆ ಕೈಕೊಟ್ಟು ಬೇರೆ ಬೆಳೆಗಳೆಲ್ಲ ಒಣಗಿದರೂ ಖೇಸರಿ ತಡೆದು ನಿಲ್ಲುತ್ತೆ. ಬರಗಾಲದಲ್ಲಿ ಬಡವರಿಗೆ ಉಳಿಯೋದು ಅದೇ. ಆದರೆ ಎರಡು ಮೂರು ತಿಂಗಳು ಇದನ್ನೇ ಮುಖ್ಯ ಊಟ ಮಾಡಿಕೊಂಡವರಲ್ಲಿ ಕೆಲವರ ಕಾಲು ಸೆಟೆದುಕೊಳ್ಳುತ್ತೆ. ಮತ್ತೆ ಸರಿಹೋಗಲ್ಲ. ಈ ಕಾಯಿಲೆ ಹೆಸರು ಲ್ಯಾಥಿರಿಸಂ. ಮಧ್ಯಪ್ರದೇಶದ ರೇವಾ ಕಡೆ ಜೀತದಾಳುಗಳಿಗೆ ಕೂಲಿ ಅಂತ ಕೊಡ್ತಿದ್ದದ್ದೇ ಈ ಕಾಳು. 1961ರಲ್ಲಿ ಇದರ ಮಾರಾಟಕ್ಕೆ ನಿಷೇಧ ಬಂತು.

ಸರಿ, ವಿಷ ಯಾವುದು? 1964ರಲ್ಲಿ ಉತ್ತರ ಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು: ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ. ದೊಡ್ಡ ಪ್ರಾಣಿಗಳ ಮೇಲೆ ಈ ವಿಷ ಸುಲಭಕ್ಕೆ ಪರಿಣಾಮ ತೋರಿಸಲ್ಲ. ಈ ತಂಡ ಆಗಷ್ಟೇ ಹುಟ್ಟಿದ ಕೋಳಿಮರಿಗಳನ್ನ ಆರಿಸಿಕೊಂಡಿತು. ಮರಿಗಳ ಕತ್ತು ಸೆಟೆದುಕೊಂಡಿತು, ಗುಟ್ಟು ಬಯಲಾಯಿತು. ಸಿಕ್ಕಿದ್ದು ಒಂದು ಅಮೈನೊ ಆಮ್ಲ, ಒಡಾಪ್.

ನಮ್ಮ ನರಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕದಿಂದ ಒಂದಕ್ಕೊಂದು ಸಂದೇಶ ಕೊಡ್ತವೆ. ಒಡಾಪ್ ಅದನ್ನೇ ಹೋಲುತ್ತೆ. ಕಾಲಿಂಗ್ ಬೆಲ್ ಒತ್ತಿ ಬೆರಳು ತೆಗೀದೇ ಇದ್ರೆ ಹೇಗಿರುತ್ತೆ? ನರಕೋಶದ ಪಾಡೂ ಅದೇ. ಸುಸ್ತಾಗಿ, ಕೊನೆಗೆ ಸತ್ತೇ ಹೋಗುತ್ತೆ. ಎಎಲ್‌ಎಸ್‌ನಂಥ ನರಕ್ಷಯದ ಕಾಯಿಲೆಗಳಲ್ಲೂ ವಿಜ್ಞಾನಿಗಳು ಇದೇ ಗ್ಲುಟಮೇಟ್ ಹಾವಳಿಯ ಬಗ್ಗೆ ಅಧ್ಯಯನ ಮಾಡ್ತಾರೆ.

ನನಗೆ ತುಂಬಾ ಇಷ್ಟವಾಗಿದ್ದು ಮುಂದಿನ ಭಾಗ. ರಾವ್ ಆಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆದರೆ ಖೇಸರಿಯನ್ನ ಬಿಡಲಿಲ್ಲ. ವಿಷ ಪತ್ತೆಯಾಗಿ 47 ವರ್ಷ ಆದ ಮೇಲೆ, 2011ರಲ್ಲಿ, ಅದೇ ಒಡಾಪ್‌ನ, ಅದೇ ಬೇಳೆಯ ಒಳ್ಳೆಯ ಮುಖಗಳ ಬಗ್ಗೆ ಲೇಖನ ಬರೆದರು! ಚೀನಾದವರು ರಕ್ತಸ್ರಾವ ನಿಲ್ಲಿಸೋಕೆ ಬಳಸೋ ಒಂದು ಜಿನ್ಸೆಂಗ್ ಬೇರಿನಲ್ಲೂ ಇರೋದು ಇದೇ ಒಡಾಪ್.

ಹಾಗಾದ್ರೆ ತಪ್ಪು ಯಾರದ್ದು? ಬೇಳೆಯಲ್ಲಿ ವಿಷ ಇರೋದು ನಿಜ. ಆದರೆ ಅನ್ನ, ರೊಟ್ಟಿ, ತರಕಾರಿ ಜೊತೆ ಸ್ವಲ್ಪ ತಿಂದವನಿಗೂ ಬೇರೇನೂ ಸಿಗದೆ ದಿನಾ ಅದನ್ನೇ ತಿಂದವನಿಗೂ ಅಪಾಯ ಒಂದೇ ಅಲ್ಲ. ಬಿಸಿನೀರಲ್ಲಿ ನೆನೆಸಿ ನೀರು ಚೆಲ್ಲಿದರೆ ಒಡಾಪ್ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. 2016ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ಒಡಾಪ್ ಕಡಿಮೆ ಇರೋ ರತನ್, ಪ್ರತೀಕ್, ಮಹಾತಿವಡಾ ತಳಿಗಳ ಪರ ಶಿಫಾರಸು ಮಾಡಿತು. ಇದಕ್ಕೆ ವಿರೋಧವೂ ಬಂತು.

ಅಂದಹಾಗೆ, ಇದನ್ನ ಕೇಳಿ ಯಾರೂ ಖೇಸರಿ ಹುಡುಕಿಕೊಂಡು ಹೋಗಬೇಡಿ. ನನಗೆ ಅರ್ಥವಾಗಿದ್ದು ಇಷ್ಟು: ಕಾಲು ಕಳೆದುಕೊಂಡವರ ತಟ್ಟೆಯಲ್ಲಿ ವಿಷ ಇತ್ತು, ಜೊತೆಗೆ ಬೇರೆ ಏನೂ ಇರಲಿಲ್ಲ. ಕೋಳಿಮರಿ ಮೊದಲನೆಯದನ್ನ ತೋರಿಸಿತು. ಎರಡನೆಯದಕ್ಕೆ ಲ್ಯಾಬ್ ಬೇಕಿರಲಿಲ್ಲ.