ಗರ್ಭಪಾತದ ಕಾಯಿದೆ: ವಾರಗಳ ಲೆಕ್ಕವೂ ತಾಯಿಯ ಸಂಕಟವೂ

೨೦೦೮ರಲ್ಲಿ ಈ ಮುಂಬಯಿ ನಗರದ ದಂಪತಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಗರ್ಭಸ್ಥ ಶಿಶುವಿನ ಹೃದಯದಲ್ಲಿ ದೋಷವಿರುವುದು ತಿಳಿದುಬರುವಷ್ಟರಲ್ಲಿ ಕಾಯಿದೆಯು ವಿಧಿಸಿದ್ದ ಇಪ್ಪತ್ತು ವಾರಗಳ ಗಡುವು ಕಳೆದುಹೋಗಿತ್ತು. ನ್ಯಾಯಾಲಯವು ಗರ್ಭಪಾತಕ್ಕೆ ಅನುಮತಿ ನೀಡಲಿಲ್ಲ. ಕೆಲವು ದಿನಗಳಲ್ಲಿ ಗರ್ಭವು ತಾನಾಗಿಯೇ ಇಳಿದುಹೋಯಿತು. ಆದರೆ ಆ ತಾಯಿಯು ಎತ್ತಿದ ಪ್ರಶ್ನೆಯು ಇಳಿಯಲಿಲ್ಲ.

೧೮೬೦ರ ದಂಡಸಂಹಿತೆಯ ಮೇರೆಗೆ, ತಾಯಿಯ ಪ್ರಾಣರಕ್ಷಣೆಗೆ ಹೊರತಾಗಿ ಗರ್ಭಪಾತವು ಅಪರಾಧವೇ ಆಗಿತ್ತು. ನಾಚಿಕೆಗೂ ಶಿಕ್ಷೆಗೂ ಅಂಜಿ ಅರೆಬರೆ ಬಲ್ಲವರ ಕೈಗೆ ಸಿಕ್ಕಿ ಸತ್ತ ಹೆಂಗಸರು ಅಸಂಖ್ಯರು. ೧೯೬೪ರಲ್ಲಿ ನೇಮಕವಾದ ಶಾಂತಿಲಾಲ್ ಶಹಾ ಸಮಿತಿಯ ಶಿಫಾರಸುಗಳ ಫಲವಾಗಿ ೧೯೭೧ರ ಕಾಯಿದೆ ಬಂದಿತು. ೨೦೨೧ರ ತಿದ್ದುಪಡಿಯು ಅದನ್ನು ಹಿಗ್ಗಿಸಿತು. ಈಗ ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತ ವಯಸ್ಕರು, ಗರ್ಭಿಣಿಯಾಗಿರುವಾಗಲೇ ವಿಧವೆಯರಾದವರು ಮೊದಲಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶವುಂಟು. ಅದರಾಚೆಗೆ, ಶಿಶುವಿನಲ್ಲಿ ಗಣನೀಯ ವಿಕೃತಿಯಿದೆಯೆಂದು ವೈದ್ಯಮಂಡಲಿಯು ಹೇಳಿದರೆ ಮಾತ್ರ. ತಾಯಿಯ ಪ್ರಾಣವುಳಿಸಲು ತತ್‌ಕ್ಷಣ ಅಗತ್ಯವಿದ್ದರೆ ವಾರಗಳ ಮಿತಿಯೇ ಇಲ್ಲ. ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಸೌಲಭ್ಯದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದವು ಸಲ್ಲದೆಂದು ತೀರ್ಪಿತ್ತಿತು.

ಇಷ್ಟಾದರೂ ಧರ್ಮಸಂಕಟವು ತೀರಲಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಅದೇ ನ್ಯಾಯಾಲಯದ ಮುಂದೆ ಬಂದಳು. ಹಿಂದಿನ ಬಾಣಂತಿತನದ ತರುವಾಯ ಮನೋವ್ಯಾಧಿಗೆ ಔಷಧ ಸೇವಿಸುತ್ತಿದ್ದವಳು; ಮೊಲೆಯೂಡಿಸುತ್ತಿದ್ದ ಕಾಲದಲ್ಲಿ ಮುಟ್ಟು ನಿಂತಿದ್ದುದರಿಂದ ಗರ್ಭ ನಿಂತದ್ದೇ ಅವಳಿಗೆ ತಿಳಿಯಲಿಲ್ಲ. ಆಗಲೇ ಇಪ್ಪತ್ತಾರು ವಾರ. ಮೊದಲು ಅನುಮತಿ ದೊರೆಯಿತು. ಮರುದಿನವೇ ದಿಲ್ಲಿಯ ವೈದ್ಯರು, ಶಿಶುವು ಬದುಕಿ ಹುಟ್ಟುವ ಸಂಭವವಿದೆ, ಅದರ ಹೃದಯವನ್ನು ನಿಲ್ಲಿಸಬೇಕೇ ಎಂದು ಕೇಳಿದರು. ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠವು ಇಬ್ಭಾಗವಾಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿಯವರು ಅನುಮತಿಯನ್ನು ಮುಂದುವರಿಸಲೊಲ್ಲದಾದರು. ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ತಾಯಿಯ ನಿರ್ಧಾರವೇ ಮಾನ್ಯವಾಗಬೇಕೆಂದರು. ಕೊನೆಗೆ ಮೂವರ ಪೀಠವು ಅನುಮತಿಯನ್ನು ನಿರಾಕರಿಸಿ, ಹೆರಿಗೆಯ ವೆಚ್ಚವನ್ನು ಸರಕಾರವೇ ವಹಿಸಬೇಕೆಂದು ವಿಧಿಸಿತು.

ಇಲ್ಲಿ ಯಾರ ಮಾತು ಸುಳ್ಳು? ಹೊರಗೆ ಬಂದರೆ ಉಸಿರಾಡಬಲ್ಲ ಜೀವದ ಪರ ಮಾತನಾಡುವವರನ್ನು ನಿರ್ದಯರೆನ್ನಲಾಗದು. ಹೊತ್ತು, ಹೆತ್ತು, ಸಾಕಬೇಕಾದವಳ ಮನವನ್ನು ಕೇಳಿರೆನ್ನುವವರನ್ನು ಪಾಪಿಗಳೆನ್ನಲೂ ಆಗದು. ನಮಗೆ ತೋರುವುದಿಷ್ಟೆ: ಇಷ್ಟು ತಡವಾಗಿ ಬರುವ ಹೆಂಗಸು ಚಪಲಕ್ಕಾಗಿ ಬರುವುದು ವಿರಳ. ಭಯ, ಬಡತನ, ಅಜ್ಞಾನ, ತಡವಾಗಿ ಕಂಡುಬಂದ ರೋಗ—ಇವೇ ಅವಳನ್ನು ತಡೆದಿರುತ್ತವೆ. ಅವಳನ್ನು ತೀರ್ಪಿಗೆ ನಿಲ್ಲಿಸುವ ಮೊದಲು ತಡಕ್ಕೆ ಕಾರಣರಾದವರು ಯಾರೆಂದು ಸಮಾಜವು ಕೇಳಿಕೊಳ್ಳಬೇಕು.

ಆ ಸಮಾಜದಲ್ಲಿ ನಾವೂ ಇದ್ದೇವೆ. ಹೋಟೆಲಿನ ಅಟ್ಟದಲ್ಲೋ ಚಾಳಿನ ಕೋಣೆಯಲ್ಲೋ ಮಲಗಿ, ಮಡದಿಯನ್ನು ಊರಿನಲ್ಲಿ ಬಿಟ್ಟು ಬಂದ ನಮ್ಮವರು ಎಷ್ಟು ಮಂದಿ! ತಿಂಗಳ ಹಣ ತಪ್ಪದೆ ಹೋಗುತ್ತದೆ. ಬಸುರಿಯ ಪರೀಕ್ಷೆಯ ಮಾತು ಮಾತ್ರ ಮುಂದಿನ ರಜೆಗೆ ಉಳಿಯುತ್ತದೆ. ಶಿಶುವಿನ ಅಂಗಾಂಗಗಳ ದೋಷವನ್ನು ಕಾಣುವ ಸ್ಕ್ಯಾನನ್ನು ಹದಿನೆಂಟರಿಂದ ಇಪ್ಪತ್ತನೆಯ ವಾರದೊಳಗೆ ಮಾಡಿಸುವುದು ವಾಡಿಕೆ. ಅದನ್ನು ತಪ್ಪಿಸಬಾರದು. ಆದರೆ ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧವೆಂಬುದು ನೆನಪಿರಲಿ. ಪ್ರಾಪ್ತ ವಯಸ್ಕಳಾದ ಹೆಂಗಸಿನ ಗರ್ಭಪಾತಕ್ಕೆ ಅವಳ ಸಮ್ಮತಿಯೊಂದೇ ಸಾಕು. ಗಂಡನ ಸಹಿಯನ್ನು ಕಾಯಿದೆಯು ಕೇಳುವುದಿಲ್ಲ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

ಕಾಯಿದೆಯು ವಾರಗಳನ್ನು ಎಣಿಸುತ್ತದೆ, ಎಣಿಸಲೇಬೇಕು. ಆ ವಾರಗಳು ವ್ಯರ್ಥವಾಗಿ ಕಳೆಯದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಈ ಸಲ ಊರಿಗೆ ಮಾತನಾಡುವಾಗ ಹಣ ತಲುಪಿತೇ ಎಂದು ಕೇಳುವ ಮೊದಲು, ಆಸ್ಪತ್ರೆಗೆ ಹೋಗಿ ಬಂದೆಯಾ ಎಂದು ಕೇಳೋಣ.