ಅಂಕಚಕ್ರವೂ ಓಲೆಯ ಕಟ್ಟೂ: ಗಣಕದಲ್ಲಿ ಸಜಾತೀಯ ಸರಣಿ ಮತ್ತು ಮಿಶ್ರಕೋಶ

ಸಿರಿಭೂವಲಯವು ಅಕ್ಷರಗಳ ಬದಲು ಅಂಕಗಳಲ್ಲಿ ನಿಬದ್ಧವಾದ ಗ್ರಂಥ. ಕುಮುದೇಂದು ಮುನಿಯ ಹೆಸರಿನಲ್ಲಿ ಬಂದು 1953ರಲ್ಲಿ ಪ್ರಥಮತಃ ಮುದ್ರಣಕ್ಕೇರಿದ ಈ ಕೃತಿಯ ಕಾಲವನ್ನು ಕುರಿತು ವಿದ್ವಾಂಸರಲ್ಲಿ ತೀವ್ರ ಮತಭೇದವಿದೆ. ಆ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ರಚನೆಯಂತೂ ಸ್ಪಷ್ಟ. ಚಕ್ರವೊಂದರಲ್ಲಿ 27 ಸಾಲು, ಸಾಲಿಗೆ 27 ಮನೆ, ಒಟ್ಟು 729 ಮನೆಗಳು. ಪ್ರತಿ ಮನೆಯಲ್ಲಿಯೂ 1ರಿಂದ 64ರೊಳಗಿನ ಒಂದು ಅಂಕ. ಹ್ರಸ್ವ, ದೀರ್ಘ, ಪ್ಲುತಭೇದದಿಂದ 27 ಸ್ವರಗಳು, 25 ವರ್ಗೀಯ, 8 ಅವರ್ಗೀಯ, 4 ಯೋಗವಾಹ ಸೇರಿ 64 ಧ್ವನಿಗಳು.

ಇಂತಹ ಚಕ್ರವನ್ನು ಮ್ಯಾಟ್‌ಲ್ಯಾಬ್ ಎಂಬ ಗಣಿತಪ್ರಧಾನ ಗಣಕಭಾಷೆಗೆ ಇಳಿಸಿದರೆ ಅದು ಸಜಾತೀಯ ಸರಣಿಯಾಗುತ್ತದೆ. ಅದರ ಎಲ್ಲ ಮನೆಗಳಲ್ಲಿಯೂ ಒಂದೇ ಜಾತಿಯ ವಸ್ತುವಿರುವುದು ನಿಯಮ. ಆದ್ದರಿಂದಲೇ ಒಂದೇ ಆಜ್ಞೆಯಿಂದ ಇಡೀ ಚಕ್ರದಲ್ಲಿ ಒಂದು ಧ್ವನಿ ಎಷ್ಟು ಸಲ ಬಂದಿದೆಯೆಂದು ಎಣಿಸಬಹುದು. ಬಂಧವೆಂಬುದು ಇಲ್ಲಿ 729 ಸ್ಥಾನಗಳನ್ನು ಓದುವ ಒಂದು ಕ್ರಮ ಮಾತ್ರ; ಅದನ್ನು ಒಮ್ಮೆ ಬರೆದಿಟ್ಟರೆ ಎಲ್ಲ ಚಕ್ರಗಳಿಗೂ ಅನ್ವಯಿಸಬಹುದು. ಉಪಲಬ್ಧವೆಂದು ಹೇಳಲಾಗುವ 1270 ಚಕ್ರಗಳ ಮನೆಗಳು 9,25,830. ಸಣ್ಣ ಪೂರ್ಣಾಂಕದ ಸರಣಿಯಲ್ಲಿ ಮನೆಗೆ ಒಂದು ಬೈಟು ಸಾಕು.

ತೊಡಕು ಪಾಠಾಂತರದಲ್ಲಿ ಆರಂಭವಾಗುತ್ತದೆ. ಒಂದು ಮನೆಯಲ್ಲಿ 28 ಇದೆಯೋ 29 ಇದೆಯೋ ಎಂಬ ಸಂದೇಹ ಬಂದಾಗ ಪ್ರತಿಕಾರನು ಅಭ್ಯಾಸಬಲದಿಂದ ‘28/29’ ಎಂದು ತುಂಬಿದನೆನ್ನೋಣ. ಗಣಕಕ್ಕೆ ಆ ಓರೆಗೆರೆ ಭಾಗಾಕಾರದ ಚಿಹ್ನೆ. ಉತ್ತರ ಸುಮಾರು 0.97, ಪೂರ್ಣಾಂಕದ ಸರಣಿ ಅದನ್ನು 1 ಎಂದು ದುಂಡಾಗಿಸಿಕೊಳ್ಳುತ್ತದೆ. ಕಕಾರವೋ ಖಕಾರವೋ ಎಂಬ ಪ್ರಾಮಾಣಿಕ ಸಂದೇಹವಿದ್ದ ಮನೆಯಲ್ಲಿ ಅಕಾರವು ನಿಸ್ಸಂದೇಹವಾಗಿ ಕುಳಿತಿರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದಕ್ಕಿಂತ ಕೆಟ್ಟ ಲಿಪಿಕಾರದೋಷ ತಾಡಪತ್ರಗಳಲ್ಲಿಯೂ ಅಪರೂಪ. ಅಂಕೆ ಅಕ್ಷರಗಳನ್ನು ಒಂದೇ ಚೌಕಾವರಣದಲ್ಲಿ ಜೋಡಿಸಿದರೆ ಇನ್ನೊಂದು ವಿಚಿತ್ರ: ಅಂಕೆಯೇ ಅಕ್ಷರವಾಗುತ್ತದೆ. 3205ರ ಪಕ್ಕದಲ್ಲಿ ‘ಆ’ ಇಟ್ಟರೆ ದೊರೆಯುವುದು ‘ಅಆ’; ಯುನಿಕೋಡ್ ಸಂಕೇತದಲ್ಲಿ ಅಕಾರದ ಸಂಖ್ಯೆ 3205. ಭೂವಲಯದ ಓದುಗರಿಗೆ ಇದು ಅಪರಿಚಿತವಾದ ಆಟವೇನಲ್ಲ; ಆದರೆ ಬೇಡದ ಕಡೆ ನಡೆಯುವ ಆಟ.

ಭಿನ್ನಜಾತಿಯ ವಸ್ತುಗಳಿಗಾಗಿ 1996ರ ಐದನೆಯ ಆವೃತ್ತಿಯಲ್ಲಿ ‘ಸೆಲ್’ ಎಂಬ ಮಿಶ್ರಕೋಶವು ಬಂದಿತು. ಒಂದು ಮನೆಯಲ್ಲಿ ಅಂಕೆ, ಮತ್ತೊಂದರಲ್ಲಿ ಪದ್ಯ, ಮಗುದೊಂದರಲ್ಲಿ ಇಡೀ ಚಕ್ರವನ್ನೇ ಇಡಬಹುದು. ಅದರ ಮನೆಯನ್ನು ದುಂಡು ಆವರಣದಿಂದ ಕೇಳಿದರೆ ಕಟ್ಟು ಬಿಚ್ಚದೆಯೇ ಕೈಗೆ ಬರುತ್ತದೆ. ಪುಷ್ಪಾವರಣದಿಂದ ಕೇಳಿದರೆ ಒಳಗಿನ ಓಲೆ ಬರುತ್ತದೆ. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ. ಈ ಸೌಕರ್ಯಕ್ಕೆ ಬೆಲೆಯೂ ಉಂಟು: ಪ್ರತಿ ಮನೆಗೂ ನೂರಕ್ಕೂ ಹೆಚ್ಚು ಬೈಟು ಬೇಕು, ಕೂಡು ಕಳೆ ಲೆಕ್ಕ ನೇರವಾಗಿ ನಡೆಯುವುದಿಲ್ಲ. ಆದಕಾರಣ ಒಂದೆರಡು ಪಾಠಾಂತರಗಳಿಗಾಗಿ ಚಕ್ರವನ್ನೇ ಮಿಶ್ರಕೋಶವಾಗಿಸುವುದು ಅವಿವೇಕ. ಚಕ್ರವು ಸರಣಿಯಾಗಿಯೇ ಇರಲಿ. ಸಂದಿಗ್ಧ ಸ್ಥಾನಗಳೂ ಅವುಗಳ ಪಾಠಗಳೂ ಬೇರೆ ಕೋಶದಲ್ಲಿರಲಿ.

ಗ್ರಂಥಸೂಚಿಯ ಸ್ವಭಾವ ಇದಕ್ಕೆ ವಿರುದ್ಧ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಂತಹ (1948) ಕೃತಿಯನ್ನು ಗಣಕಕ್ಕೆ ತರುವಾಗ ಗ್ರಂಥನಾಮ, ಕರ್ತೃ, ಓಲೆಗಳ ಸಂಖ್ಯೆ ಒಂದೇ ದಾಖಲೆಯಲ್ಲಿ ಇರಲೇಬೇಕು. ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯದ ಶಾಸನಗಳನ್ನು ಪಟ್ಟಿಮಾಡುವಾಗಲೂ ಶಕವರ್ಷವು ಅಂಕೆ, ಸಂವತ್ಸರವು ಹೆಸರು. ಇಲ್ಲಿ ಹೆಸರುಳ್ಳ ಅಂಕಣಗಳ ‘ಸ್ಟ್ರಕ್ಟ್’ ಎಂಬ ಮಿಶ್ರರಚನೆಯೇ ಯೋಗ್ಯ. ಆದರೆ ಎಣಿಕೆಗಾಗಿ ಓಲೆಗಳ ಸಂಖ್ಯೆಗಳನ್ನೆಲ್ಲ ಮತ್ತೆ ಒಂದು ಸರಣಿಗೆ ಸುರಿಯುವಾಗ ಜಾಗರೂಕತೆ ಬೇಕು. 300 ದಾಖಲೆಗಳಲ್ಲಿ ಒಂದರ ಸಂಖ್ಯೆಯನ್ನು ಬರಿದಾಗಿ ಬಿಟ್ಟಿದ್ದರೆ ಸರಣಿಯಲ್ಲಿ 299 ಸಂಖ್ಯೆಗಳೇ ಉಳಿದು, ಅಲ್ಲಿಂದ ಮುಂದಿನ ಪ್ರತಿಯೊಂದು ಸಂಖ್ಯೆಯೂ ಹಿಂದಿನ ಗ್ರಂಥದ ಪಾಲಾಗುತ್ತದೆ. ತ್ರುಟಿತ ಪ್ರತಿಯ ಅಂಕಣದಲ್ಲಿ ಸೊನ್ನೆಯನ್ನಾಗಲಿ ಶೂನ್ಯಸ್ಥಾನವನ್ನಾಗಲಿ ಬಿಡದೆ, ‘ಸಂಖ್ಯೆಯಲ್ಲ’ ಎಂಬರ್ಥದ ‘ನ್ಯಾನ್’ ಗುರುತನ್ನು ಮೊದಲೇ ತುಂಬಿಡಬೇಕು.